ನಮ್ಮ ಡಿಎನ್‌ಎಯಲ್ಲಿ ನಿಜಕ್ಕೂ ಕೆಲಸಕ್ಕೆ ಬರುವುದು ಎಷ್ಟು?

ಪ್ರಶ್ನೆ: ನಮಸ್ತೆ ಮೇಡಂ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಮನುಷ್ಯನ ಡಿಎನ್‌ಎಯಲ್ಲಿ ಶೇ. 98 ಭಾಗ ‘ಜಂಕ್’, ಯಾವ ಕೆಲಸಕ್ಕೂ ಬಾರದ್ದು ಎಂದು ನಾನು ಓದುವಾಗ ಕಲಿತಿದ್ದೆ. ಆಮೇಲೆ ಶೇ. 80 ಭಾಗಕ್ಕೆ ಕೆಲಸ ಇದೆ, ಜಂಕ್ ಅನ್ನುವುದೇ ಸುಳ್ಳು ಎಂದು ಓದಿದೆ. ನನ್ನ ಸಹೋದ್ಯೋಗಿಯೊಬ್ಬರು ‘ಶೇ. 10 ಅಷ್ಟೇ’ ಅನ್ನುತ್ತಾರೆ. ಯಾವುದು ನಿಜ? ಕೆಲಸಕ್ಕೆ ಬಾರದ್ದಾದರೆ ಪ್ರಕೃತಿ ಅದನ್ನು ಯಾಕೆ ಇಟ್ಟುಕೊಂಡಿದೆ? ಮೊನ್ನೆ ಒಬ್ಬ ಹುಡುಗಿ ‘ಅದನ್ನೆಲ್ಲಾ ಕತ್ತರಿಸಿ ತೆಗೆದರೆ ಏನಾಗುತ್ತೆ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ಸತ್ಯಕ್ಕೆ ಹತ್ತಿರ. ಮೊದಲೇ ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ‘ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ’ ಎಂದು ಸುಮ್ನೆ ಕೈತೊಳೆದುಕೊಂಡರೆ ನಿಮಗೆ ಏನೂ ಸಿಗುವುದಿಲ್ಲ. ಜಗಳ ಇರುವುದು ನಿಜ. ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ‘ಕೆಲಸ’ ಅನ್ನುವ ಒಂದೇ ಪದದ ಸುತ್ತ ನಡೆದದ್ದು. ಆ ಪದವನ್ನು ಬಿಡಿಸಿ ನೋಡಿದರೆ ಶೇ. 80ಕ್ಕೂ ಶೇ. 10ಕ್ಕೂ ಅಷ್ಟು ದೊಡ್ಡ ವೈರ ಉಳಿಯುವುದಿಲ್ಲ. ಎರಡೂ ಅಳೆದದ್ದು ಬೇರೆ ಬೇರೆ ಸಂಗತಿಗಳನ್ನು.

ಮೊದಲು ಶೇ. 98ರ ಮಾತು. ನಮ್ಮ ಜೀನೋಮಿನಲ್ಲಿ, ಅಂದರೆ ಡಿಎನ್‌ಎಯ ಇಡೀ ಪಠ್ಯದಲ್ಲಿ, ಸುಮಾರು 310 ಕೋಟಿ ಅಕ್ಷರಗಳಿವೆ. ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಪಠ್ಯ ಇದು. ಪ್ರೋಟೀನ್ ಕಟ್ಟುವ ಸೂಚನೆ ಇರುವ ಜೀನ್‌ಗಳು, ಅಂದರೆ ವಂಶವಾಹಿಗಳು, ಸುಮಾರು 20 ಸಾವಿರ. ಅವುಗಳಲ್ಲಿ ಪ್ರೋಟೀನಿನ ಸೂಚನೆಯನ್ನೇ ಹೊತ್ತ ಅಕ್ಷರಗಳನ್ನು ಮಾತ್ರ ಕೂಡಿಸಿದರೆ ಒಟ್ಟು ಪಠ್ಯದ ಶೇ. 1ರಿಂದ 1.5ರಷ್ಟಾಗುತ್ತದೆ. ಉಳಿದದ್ದು ಪ್ರೋಟೀನ್ ಕೋಡ್ ಮಾಡುವುದಿಲ್ಲ. ಇಲ್ಲಿಯವರೆಗೆ ಯಾರ ತಕರಾರೂ ಇಲ್ಲ.

ತಪ್ಪಾಗಿದ್ದು ಮುಂದಿನ ಹೆಜ್ಜೆಯಲ್ಲಿ. ‘ಪ್ರೋಟೀನ್ ಕೋಡ್ ಮಾಡದ್ದು’ ಮತ್ತು ‘ಜಂಕ್’ ಎರಡೂ ಒಂದೇ ಎಂದು ಪಾಠಗಳಲ್ಲಿ ಸೇರಿಹೋಯಿತು. ಈ ವಿಷಯದಲ್ಲಿ ಕೆಲಸ ಮಾಡಿದವರು ಹಾಗೆ ಹೇಳಿರಲೇ ಇಲ್ಲ. ಜೀನನ್ನು ಶುರು ಮಾಡುವ, ನಿಲ್ಲಿಸುವ ಸ್ವಿಚ್‌ಗಳು ಡಿಎನ್‌ಎಯಲ್ಲೇ ಇರುತ್ತವೆ ಎಂದು ಫ್ರಾನ್ಸಿನ ಜಾಕಬ್ ಮತ್ತು ಮೊನೊ 1961ರಲ್ಲೇ ತೋರಿಸಿದ್ದರು. ಪ್ರೋಟೀನ್ ಆಗದೆ ಆರ್‌ಎನ್‌ಎ (ಡಿಎನ್‌ಎಯಿಂದ ತೆಗೆದ ನಕಲು) ರೂಪದಲ್ಲೇ ದುಡಿಯುವ ಜೀನ್‌ಗಳಿವೆ ಎಂದೂ ಆಗಲೇ ಗೊತ್ತಿತ್ತು. ‘ಜಂಕ್ ಡಿಎನ್‌ಎ’ ಅನ್ನುವ ಮಾತನ್ನು ಜನಪ್ರಿಯ ಮಾಡಿದ ಸುಸುಮು ಓನೊ 1972ರಲ್ಲಿ ಬರೆಯುವಾಗ ಇದೆಲ್ಲ ಅವರಿಗೆ ಗೊತ್ತಿತ್ತು. ‘ನಮಗೆ ಅರ್ಥವಾಗದ್ದೆಲ್ಲ ಜಂಕ್’ ಎಂದು ಅವರು ಸೋಮಾರಿತನದಿಂದ ಬರೆದರು ಅನ್ನುವ ಕಥೆಯನ್ನು ದಯವಿಟ್ಟು ನಂಬಬೇಡಿ. ಅವರು ಒಂದು ಲೆಕ್ಕ ಹಾಕಿದ್ದರು.

ಆ ಲೆಕ್ಕವನ್ನು ಈಗಿನ ಅಂಕಿಗಳಲ್ಲಿ ಹೇಳುತ್ತೇನೆ. ಹುಟ್ಟುವ ಪ್ರತಿ ಮಗುವಿನ ಡಿಎನ್‌ಎಯಲ್ಲೂ ಅಪ್ಪನಲ್ಲೂ ಅಮ್ಮನಲ್ಲೂ ಇಲ್ಲದ ಸುಮಾರು 60–70 ಹೊಸ ತಿದ್ದುಗಳು, ಅಂದರೆ ಆಕಸ್ಮಿಕ ಅಕ್ಷರ ಬದಲಾವಣೆಗಳು, ಇರುತ್ತವೆ. ಅವು ಎಲ್ಲಿ ಬೇಕಾದರೂ ಬೀಳಬಹುದು. ಪಠ್ಯದ ಶೇ. 80 ಭಾಗ ನಿಜಕ್ಕೂ ಬೇಕೇಬೇಕಾದದ್ದು ಆಗಿದ್ದರೆ, ಅವುಗಳಲ್ಲಿ 50ರಷ್ಟು ಬೇಕಾದ ಜಾಗದ ಮೇಲೇ ಬೀಳುತ್ತಿದ್ದವು. ಬೇಕಾದ ಜಾಗದಲ್ಲೂ ಪ್ರತಿ ಅಕ್ಷರ ಅಮೂಲ್ಯವಲ್ಲ, ಒಪ್ಪೋಣ. ಆದರೂ ಪ್ರತಿ ತಲೆಮಾರಿಗೂ ಹೀಗೆ ಕೆಡುತ್ತಾ ಹೋದರೆ, ಕೆಟ್ಟದ್ದನ್ನು ಜಾಲಿಸಿ ತೆಗೆಯಲು ಮನುಷ್ಯರು ಊಹಿಸಲಾಗದಷ್ಟು ಮಕ್ಕಳನ್ನು ಹೆತ್ತು, ಅದರಲ್ಲಿ ಬಹುಪಾಲನ್ನು ಕಳೆದುಕೊಳ್ಳಬೇಕಿತ್ತು. ನಾವು ಇಷ್ಟು ಕಾಲ ಉಳಿದಿದ್ದೇವೆ. ಅಂದರೆ ಹೆಚ್ಚಿನ ತಿದ್ದುಗಳು ಬಿದ್ದರೂ ನಷ್ಟವಿಲ್ಲದ ಜಾಗದಲ್ಲಿ ಬೀಳುತ್ತಿವೆ. ಇದೇ ತರ್ಕ ಹಿಡಿದು ನಮ್ಮಲ್ಲಿ ಜೀನ್‌ಗಳು ಸುಮಾರು 30 ಸಾವಿರಕ್ಕಿಂತ ಹೆಚ್ಚು ಇರಲಾರವು ಎಂದು ಓನೊ ಅಂದಾಜಿಸಿದರು. ಮುಂದೆ ಒಂದು ಲಕ್ಷ ಜೀನ್ ಸಿಗಬಹುದು ಎಂದು ತುಂಬಾ ಜನ ಕಾದಿದ್ದರು. ಜೀನೋಮ್ ಓದಿ ಮುಗಿದಾಗ ಸಿಕ್ಕಿದ್ದು ಓನೊ ಹಾಕಿದ ಮಿತಿಯೊಳಗಿನ ಸಂಖ್ಯೆಯೇ. ಡಿಎನ್‌ಎ ಓದುವ ಯಂತ್ರಗಳೇ ಇಲ್ಲದ ಕಾಲದಲ್ಲಿ ಮಾಡಿದ ಆ ಅಂದಾಜು ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ಈಗ ಶೇ. 80ಕ್ಕೆ ಬರೋಣ. ಎನ್‌ಕೋಡ್ ಅನ್ನುವ ದೊಡ್ಡ ಅಂತಾರಾಷ್ಟ್ರೀಯ ಯೋಜನೆಯೊಂದು 2003ರಲ್ಲಿ ಶುರುವಾಯಿತು. ನಾನಾ ಬಗೆಯ ಮನುಷ್ಯ ಜೀವಕೋಶಗಳಲ್ಲಿ ಡಿಎನ್‌ಎಯ ಯಾವ ಜಾಗದಲ್ಲಿ ಏನೇನು ನಡೆಯುತ್ತದೆ ಎಂದು ನಕ್ಷೆ ಮಾಡುವುದು ಅದರ ಗುರಿ. 2012ರ ಸೆಪ್ಟೆಂಬರಿನಲ್ಲಿ ಒಟ್ಟಿಗೆ 30 ಪ್ರಬಂಧಗಳು ಹೊರಬಂದವು. ಮುಖ್ಯ ಪ್ರಬಂಧದಲ್ಲಿ ಜೀನೋಮಿನ ಶೇ. 80.4 ಭಾಗಕ್ಕೆ ಜೀವರಾಸಾಯನಿಕ ಕೆಲಸ ಇದೆ ಎಂಬ ವಾಕ್ಯವಿತ್ತು. ಮರುದಿನ ಜಗತ್ತಿನಾದ್ಯಂತ ಪತ್ರಿಕೆಗಳು ಜಂಕ್ ಡಿಎನ್‌ಎ ಸತ್ತುಹೋಯಿತು ಎಂದು ಬರೆದವು. ನೀವು ಓದಿದ್ದು ಅದರ ಪ್ರತಿಧ್ವನಿ.

ಅವರು ‘ಕೆಲಸ’ ಎಂದು ಎಣಿಸಿದ್ದು ಯಾವುದನ್ನು? ಆ ಜಾಗದಿಂದ ಎಲ್ಲೋ ಒಂದು ಬಗೆಯ ಜೀವಕೋಶದಲ್ಲಿ ಆರ್‌ಎನ್‌ಎ ನಕಲು ತಯಾರಾದರೆ ಕೆಲಸ. ಒಂದು ಪ್ರೋಟೀನ್ ಬಂದು ಅಂಟಿಕೊಂಡರೆ ಕೆಲಸ. ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್ ಉಂಡೆಗಳ ಮೇಲೆ ಒಂದು ರಾಸಾಯನಿಕ ಗುರುತು ಕಂಡರೆ ಅದೂ ಕೆಲಸ. ಹೀಗೆ ಏನಾದರೂ ಒಂದು ನಡೆದ ಜಾಗವನ್ನೆಲ್ಲ ಕೂಡಿಸಿದಾಗ ಶೇ. 80 ಬಂತು. ಅದರಲ್ಲಿ ದೊಡ್ಡ ಪಾಲು ಆರ್‌ಎನ್‌ಎ ನಕಲಿನ ಲೆಕ್ಕದಿಂದ ಬಂದದ್ದು.

‘ಇಲ್ಲಿ ಏನೋ ನಡೆಯುತ್ತದೆ’ ಅನ್ನುವುದು ಒಂದು ಮಾತು. ‘ಇದು ಕೆಟ್ಟರೆ ಜೀವಿಗೆ ನಷ್ಟ’ ಅನ್ನುವುದು ಬೇರೆ ಮಾತು. ಎರಡರ ನಡುವೆ ಎಷ್ಟು ಅಂತರ ಇದೆ ಎಂದು ತೋರಿಸಲು ನಾನು ವಿದ್ಯಾರ್ಥಿಗಳಿಗೆ ಕನ್ನಡದ ಪದಗಳನ್ನೇ ಕೊಡುತ್ತೇನೆ. ‘ಮರ’ ಅನ್ನುವ ಪದವನ್ನು ಒಂದು ಪುಸ್ತಕದಲ್ಲಿ ಹುಡುಕಿ. ‘ಅಮರ’ದಲ್ಲಿ ಸಿಗುತ್ತದೆ. ‘ಸಮರ’ದಲ್ಲಿ, ‘ಭ್ರಮರ’ದಲ್ಲಿ, ‘ಚಾಮರ’ದಲ್ಲಿ ಸಿಗುತ್ತದೆ. ಅಲ್ಲೆಲ್ಲ ಮರದ ಸುದ್ದಿಯೇ ಇಲ್ಲ. ಓದುವವರಿಗೆ ಅದು ಗೊತ್ತಾಗುತ್ತದೆ, ಯಾಕೆಂದರೆ ನಾವು ಇಡೀ ವಾಕ್ಯ ಓದುತ್ತೇವೆ. ಆದರೆ ಆ ಎರಡೇ ಅಕ್ಷರ ನೋಡಿ ಬಂದು ಕೂರುವವರು ಎಲ್ಲ ಕಡೆಯೂ ಕೂರುತ್ತಾರೆ.

ಡಿಎನ್‌ಎಗೆ ಅಂಟುವ ಪ್ರೋಟೀನ್‌ಗಳ ಪಾಡೂ ಹೀಗೇ. ಅವು ಗುರುತಿಸುವ ಪದ ಸಾಮಾನ್ಯವಾಗಿ ಆರರಿಂದ ಹತ್ತು ಅಕ್ಷರದಷ್ಟು ಉದ್ದ. ನಾಲ್ಕೇ ಅಕ್ಷರದ ಭಾಷೆಯಲ್ಲಿ ಆರಕ್ಷರದ ಒಂದು ಪದ ಸುಮಾರು 4,096 ಅಕ್ಷರಗಳಿಗೊಮ್ಮೆ ತಾನಾಗೇ ಸಿಗುತ್ತದೆ. 310 ಕೋಟಿ ಅಕ್ಷರಗಳಲ್ಲಿ ಅಂದರೆ ಏಳೂವರೆ ಲಕ್ಷ ಸಲ. ಯಾರೂ ಬರೆಯದೆ, ಯಾವ ಉದ್ದೇಶವೂ ಇಲ್ಲದೆ. ಪ್ರೋಟೀನ್ ಅಂಟಿತು ಅನ್ನುವುದಷ್ಟೇ ಗೊತ್ತಿದ್ದರೆ, ಅದು ‘ಮರ’ದ ಮೇಲೆ ಕೂತಿದೆಯೋ ‘ಸಮರ’ದ ಮೇಲೆ ಕೂತಿದೆಯೋ ಎಂದು ಹೇಳಲು ಆಗುವುದಿಲ್ಲ.

ಇದನ್ನು ಪ್ರಯೋಗದಲ್ಲೂ ನೋಡಬಹುದು. ಯಾವ ಅರ್ಥವೂ ಇಲ್ಲ ಎಂದು ಖಾತ್ರಿ ಇರುವ ಡಿಎನ್‌ಎಯನ್ನು ಜೀವಕೋಶಕ್ಕೆ ಕೊಟ್ಟರೆ ಅದು ಸುಮ್ಮನೆ ಬಿದ್ದಿರುತ್ತದೆಯೋ, ಏನಾದರೂ ‘ನಡೆಯುತ್ತದೆಯೋ’? ಈ ಪ್ರಯೋಗ ಆಗಬೇಕು ಎಂದು ಜೀವವಿಜ್ಞಾನಿ ಶಾನ್ ಎಡ್ಡಿ 2013ರಲ್ಲಿ ಬರೆದರು. 2024ರಲ್ಲಿ ನ್ಯೂಯಾರ್ಕಿನ ಒಂದು ತಂಡ ಅದಕ್ಕೆ ಹತ್ತಿರದ್ದನ್ನು ಮಾಡಿ ತೋರಿಸಿತು. ಮನುಷ್ಯನ ಒಂದು ಜೀನ್ ಇರುವ ಸುಮಾರು ಒಂದು ಲಕ್ಷ ಅಕ್ಷರಗಳ ತುಂಡನ್ನು ಅವರು ಕೊನೆಯಿಂದ ಮೊದಲಿಗೆ, ಹಿಂದುಮುಂದಾಗಿ ಬರೆದರು. ಅದನ್ನು ಯೀಸ್ಟ್ ಕೋಶಕ್ಕೂ ಇಲಿಯ ಕೋಶಕ್ಕೂ ಸೇರಿಸಿದರು. ಯೀಸ್ಟ್ ಆ ಅರ್ಥವಿಲ್ಲದ ಪಠ್ಯದಿಂದಲೂ ಉದ್ದಕ್ಕೂ ಆರ್‌ಎನ್‌ಎ ನಕಲು ತೆಗೆಯಿತು! ಇಲಿಯ ಕೋಶ ಬಹುಮಟ್ಟಿಗೆ ಅದನ್ನು ಮುಚ್ಚಿಟ್ಟಿತು. ಅಂದರೆ ಗದ್ದಲ ಎಷ್ಟಾಗುತ್ತದೆ ಅನ್ನುವುದು ಕೋಶದಿಂದ ಕೋಶಕ್ಕೆ ಬೇರೆ. ಆದರೆ ಆರ್‌ಎನ್‌ಎ ನಕಲು ಸಿಕ್ಕಿತು ಅನ್ನುವುದೊಂದೇ ಸಾಕ್ಷಿಯಾಗಿ ಸಾಲದು ಎಂಬುದಕ್ಕೆ ಯೀಸ್ಟ್‌ನ ಫಲಿತಾಂಶ ಸಾಕು.

ಶೇ. 80ರ ಮಾತಿಗೆ ಆಗಲೇ ತೀಕ್ಷ್ಣ ಉತ್ತರಗಳು ಬಂದವು. ಜೀವವಿಜ್ಞಾನಿಗಳಾದ ಡಾನ್ ಗ್ರೌರ್ ಮತ್ತು ಫೋರ್ಡ್ ಡೂಲಿಟಲ್ 2013ರಲ್ಲಿ ಬರೆದದ್ದನ್ನು ತುಂಬಾ ಜನ ಓದಿದರು. ಎನ್‌ಕೋಡ್‌ನ ಹಲವು ಪ್ರಮುಖರೇ 2014ರಲ್ಲಿ ಇನ್ನೊಂದು ಪ್ರಬಂಧ ಬರೆದು, ಜೀವರಾಸಾಯನಿಕ ಚಟುವಟಿಕೆ, ವಿಕಾಸದ ಸಾಕ್ಷಿ, ಕೆಡಿಸಿ ನೋಡುವ ಪ್ರಯೋಗ ಈ ಮೂರೂ ಬೇರೆ ಬೇರೆ ಉತ್ತರ ಕೊಡುತ್ತವೆ ಎಂದು ಒಪ್ಪಿಕೊಂಡರು. ಈ ಸುದ್ದಿ ಮೊದಲಿನ ಸುದ್ದಿಯಷ್ಟು ಓಡಾಡಲಿಲ್ಲ. ಅದು ನನಗೆ ಬೇಸರದ ಸಂಗತಿ. ಎನ್‌ಕೋಡ್ ಮಾಡಿದ ನಕ್ಷೆ ಮಾತ್ರ ಅಪಾರ ಬೆಲೆಯುಳ್ಳದ್ದು, ನಾವೆಲ್ಲ ದಿನಾ ಬಳಸುತ್ತೇವೆ.

ಈರುಳ್ಳಿಯ ಮಾತನ್ನೂ ಹೇಳಲೇಬೇಕು. ರಯಾನ್ ಗ್ರೆಗರಿ ಎಂಬ ಜೀವಶಾಸ್ತ್ರಜ್ಞರು 2007ರಲ್ಲಿ ಒಂದು ಸರಳ ಪರೀಕ್ಷೆ ಇಟ್ಟರು. ಕೋಡ್ ಮಾಡದ ಡಿಎನ್‌ಎಗೆಲ್ಲ ಕೆಲಸ ಇದೆ ಅನ್ನುವವರು ಒಂದು ಪ್ರಶ್ನೆಗೆ ಉತ್ತರ ಕೊಡಲಿ: ಈರುಳ್ಳಿಗೆ ನಮಗಿಂತ ಐದು ಪಟ್ಟು ಡಿಎನ್‌ಎ ಯಾಕೆ ಬೇಕು? ಅದರ ಜೀನೋಮ್ ಸುಮಾರು 1,600 ಕೋಟಿ ಅಕ್ಷರ. ‘ಗಿಡವೇ ಬೇರೆ, ಮನುಷ್ಯನೇ ಬೇರೆ’ ಎಂದು ಜಾರಿಕೊಳ್ಳಲೂ ಆಗುವುದಿಲ್ಲ. ಈರುಳ್ಳಿಯ ಹತ್ತಿರದ ನೆಂಟ ಗಿಡಗಳಲ್ಲೇ ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಇದೆ. ನೋಡಲು, ಬೆಳೆಯಲು ಎಲ್ಲ ಹೆಚ್ಚು ಕಡಿಮೆ ಒಂದೇ ಥರ. ಇನ್ನೊಂದು ತುದಿಯಲ್ಲಿ ಫುಗು ಎಂಬ ಮೀನಿದೆ. ಬೆನ್ನುಮೂಳೆ, ಮಿದುಳು, ಕಣ್ಣು, ಹೃದಯ ಎಲ್ಲ ಇದೆ. ಜೀನ್‌ಗಳ ಸಂಖ್ಯೆಯೂ ನಮ್ಮಷ್ಟೇ. ಆದರೆ ಜೀನೋಮ್ ಸುಮಾರು 40 ಕೋಟಿ ಅಕ್ಷರ ಮಾತ್ರ, ನಮ್ಮದರ ಎಂಟನೇ ಒಂದು ಭಾಗ. 2024ರಲ್ಲಿ ನ್ಯೂ ಕ್ಯಾಲಿಡೋನಿಯಾದ ಒಂದು ಪುಟ್ಟ ಜರಿಗಿಡದಲ್ಲಿ 16 ಸಾವಿರ ಕೋಟಿ ಅಕ್ಷರ ಸಿಕ್ಕಿತು, ನಮ್ಮ 50 ಪಟ್ಟು. ಡಿಎನ್‌ಎಯ ಉದ್ದಕ್ಕೂ ಜೀವಿಯ ಸಂಕೀರ್ಣತೆಗೂ ತಾಳೆಯೇ ಆಗುವುದಿಲ್ಲ.

ಹಾಗಾದರೆ ಆ ಉದ್ದ ಎಲ್ಲಿಂದ ಬಂತು? ಪ್ರಕೃತಿ ಅದನ್ನು ಯಾಕೆ ಇಟ್ಟುಕೊಂಡಿದೆ ಎಂದು ಕೇಳಿದಿರಲ್ವಾ, ಅದಕ್ಕೂ ಇಲ್ಲೇ ಉತ್ತರ ಇದೆ. ನಮ್ಮ ಜೀನೋಮಿನ ಅರ್ಧದಷ್ಟು ಭಾಗ ತನ್ನನ್ನು ತಾನೇ ನಕಲು ಮಾಡಿಕೊಂಡು ಹರಡುವ ತುಂಡುಗಳು ಮತ್ತು ಅವುಗಳ ಹಳೆಯ ಅವಶೇಷ. ಇಂಥ ಜಿಗಿಯುವ ತುಂಡುಗಳನ್ನು ಜೋಳದಲ್ಲಿ ಮೊದಲು ಕಂಡ ಬಾರ್ಬರಾ ಮೆಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಬಂತು. ನಮ್ಮಲ್ಲಿರುವ ‘ಅಲು’ ಎಂಬ ತುಂಡು ಸುಮಾರು 300 ಅಕ್ಷರ ಉದ್ದ. ಅದರ 10 ಲಕ್ಷಕ್ಕೂ ಹೆಚ್ಚು ನಕಲುಗಳಿವೆ. ಒಟ್ಟು ಜೀನೋಮಿನ ಶೇ. 10 ಅದೊಂದೇ. ‘ಲೈನ್-1’ ಎಂಬುದರ ಸುಮಾರು 5 ಲಕ್ಷ ನಕಲುಗಳಿದ್ದು, ಇನ್ನೂ ಜಿಗಿಯುವ ಶಕ್ತಿ ಇರುವವು ನೂರರಷ್ಟೇ. ಉಳಿದವು ಮುರಿದು ಬಿದ್ದಿವೆ. ಇನ್ನೊಂದು ಶೇ. 8 ಭಾಗ ನಮ್ಮ ಪೂರ್ವಜರಿಗೆ ಅಂಟಿದ್ದ ಹಳೆಯ ರೆಟ್ರೋವೈರಸ್‌ಗಳ (ಕೋಶದ ಡಿಎನ್‌ಎಯೊಳಗೇ ಸೇರಿಕೊಳ್ಳುವ ವೈರಸ್‌ಗಳ) ಉಳಿಕೆ. ಇವು ಇಲ್ಲಿರುವುದು ನಮಗೆ ಬೇಕು ಎಂದಲ್ಲ, ಅವುಗಳಿಗೆ ಹರಡುವುದು ಬರುತ್ತದೆ ಎಂದು. 1980ರಲ್ಲಿ ಆರ್ಗೆಲ್ ಮತ್ತು ಕ್ರಿಕ್ ಇವನ್ನು ‘ಸ್ವಾರ್ಥಿ ಡಿಎನ್‌ಎ’ ಎಂದು ಕರೆದರು. ಡೂಲಿಟಲ್ ಮತ್ತು ಸಪಿಯೆಂಝಾ ಕೂಡ ಅದೇ ಸಂಚಿಕೆಯಲ್ಲಿ ಅದೇ ಮಾತು ಬರೆದರು.

ಪ್ರಕೃತಿಗೆ ಗುಡಿಸುವ ಕೈ ಇಲ್ಲ. ಒಂದು ತುಂಡು ಹೋಗಬೇಕಾದರೆ ಮೊದಲು ಆಕಸ್ಮಿಕವಾಗಿ ಅದು ಅಳಿಸಿಹೋಗಬೇಕು. ಆಮೇಲೆ ಅದಿಲ್ಲದವರಿಗೆ ಇರುವವರಿಗಿಂತ ಲೆಕ್ಕಕ್ಕೆ ಸಿಗುವಷ್ಟು ಲಾಭ ಆಗಬೇಕು. 310 ಕೋಟಿ ಅಕ್ಷರಗಳಲ್ಲಿ 300 ಅಕ್ಷರ ಹೊರುವ ಖರ್ಚು ತೀರಾ ಕಡಿಮೆ. ಬ್ಯಾಕ್ಟೀರಿಯಾಗಳ ಸಂಖ್ಯೆ ಅಗಾಧ, ಅಲ್ಲಿ ಅಷ್ಟು ಚಿಕ್ಕ ಖರ್ಚೂ ನೈಸರ್ಗಿಕ ಆಯ್ಕೆಯ ಕಣ್ಣಿಗೆ ಬೀಳುತ್ತದೆ. ಅವುಗಳ ಜೀನೋಮ್ ಒಪ್ಪವಾಗಿರುವುದು ಅದಕ್ಕೇ. ನಮ್ಮ ಪೂರ್ವಜರ ಸಂಖ್ಯೆ ಬಹುಕಾಲ ಚಿಕ್ಕದಾಗಿತ್ತು, ಚಿಕ್ಕ ಲಾಭನಷ್ಟಗಳು ಅದೃಷ್ಟದ ಆಟದಲ್ಲಿ ಕೊಚ್ಚಿಹೋದವು. ಜೀವವಿಜ್ಞಾನಿ ಸಿಡ್ನಿ ಬ್ರೆನ್ನರ್ ಒಂದು ಚೆಂದದ ವ್ಯತ್ಯಾಸ ಹೇಳುತ್ತಿದ್ದರು. ಕನ್ನಡದಲ್ಲಿ ಅದಕ್ಕೆ ಸರಿಯಾದ ಜೋಡಿಪದಗಳೇ ಇವೆ: ಕಸ ಮತ್ತು ಗುಜರಿ. ಕಸವನ್ನು ಎಸೆಯುತ್ತೇವೆ. ಗುಜರಿ ಸಾಮಾನು ತೊಂದರೆ ಕೊಡದೆ ಮೂಲೆಯಲ್ಲಿ ಉಳಿದಿರುತ್ತದೆ. ಜಂಕ್ ಅಂದರೆ ಗುಜರಿ.

ಗುಜರಿಯಿಂದ ಒಂದೊಂದು ಸಲ ಏನಾದರೂ ಕೆಲಸಕ್ಕೆ ಬರುವುದೂ ಉಂಟು. ಗರ್ಭದಲ್ಲಿ ಮಾಸು ಕಟ್ಟಲು ಬೇಕಾದ ಸಿನ್‌ಸೈಟಿನ್ ಎಂಬ ಪ್ರೋಟೀನ್ ಒಂದು ಹಳೆಯ ವೈರಸ್ಸಿನ ಜೀನಿನಿಂದ ಬಂದದ್ದು. ಇಂಥ ಉದಾಹರಣೆಗಳು ಬೇಕಾದಷ್ಟಿವೆ, ಪ್ರತಿ ವರ್ಷ ಹೊಸದು ಸಿಗುತ್ತಿವೆ. ಅದು ಸಿಕ್ಕಾಗಲೆಲ್ಲ ‘ನೋಡಿ, ಜಂಕ್ ಅಲ್ಲ!’ ಎಂದು ತಲೆಬರಹ ಬರುತ್ತದೆ. ಲಕ್ಷಗಟ್ಟಲೆ ತುಂಡುಗಳಲ್ಲಿ ಸಾವಿರ ತುಂಡು ಕೆಲಸಕ್ಕೆ ಬಂದರೂ ಉಳಿದ ಲಕ್ಷಗಳ ಲೆಕ್ಕ ಬದಲಾಗುವುದಿಲ್ಲ, ಅಲ್ವಾ?

ಆದರೆ ಕೋಡ್ ಮಾಡದ ಭಾಗದಲ್ಲಿ ಕೆಲಸ ಮಾಡುವ ಜಾಗಗಳಿವೆಯಲ್ಲ, ಅವೇ ನನಗೆ ಎಲ್ಲಕ್ಕಿಂತ ಪ್ರಿಯ. ನಿಮ್ಮ ಮಕ್ಕಳಿಗೆ ಇವನ್ನು ಖಂಡಿತ ಹೇಳಿ. ಕೈಕಾಲು ಮೂಡಲು ‘ಸಾನಿಕ್ ಹೆಡ್ಜ್‌ಹಾಗ್’ ಎಂಬ ಜೀನ್ ಬೇಕು. ಕೈಕಾಲಿನ ಮೊಗ್ಗಿನಲ್ಲಿ ಅದನ್ನು ಹಚ್ಚುವ ಸ್ವಿಚ್ ಸುಮಾರು 10 ಲಕ್ಷ ಅಕ್ಷರ ದೂರದಲ್ಲಿ, ಇನ್ನೊಂದು ಜೀನಿನ ಒಳಗಿನ ಕೋಡ್ ಮಾಡದ ತುಂಡಿನಲ್ಲಿ ಕೂತಿದೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಾಕು, ಮಗು ಹೆಚ್ಚುವರಿ ಬೆರಳಿನೊಂದಿಗೆ ಹುಟ್ಟಬಹುದು. ಇಲಿಯಲ್ಲಿ ಆ ಸ್ವಿಚ್ಚನ್ನೇ ತೆಗೆದರೆ ಕೈಕಾಲು ಮೊಂಡಾಗುತ್ತವೆ. ಹಾವುಗಳಲ್ಲಿ ಈ ಸ್ವಿಚ್ ಕೆಟ್ಟಿದೆ. ಹಾವಿನ ಸ್ವಿಚ್ಚನ್ನು ಇಲಿಗೆ ಹಾಕಿ ನೋಡಿದಾಗಲೂ ಕೈಕಾಲು ಸರಿಯಾಗಿ ಬೆಳೆಯಲಿಲ್ಲ.

ಇನ್ನೊಂದು ಉದಾಹರಣೆ ಈಗ ಔಷಧಿಯೇ ಆಗಿದೆ. ಹುಟ್ಟುವ ಮೊದಲು ನಮ್ಮ ರಕ್ತದಲ್ಲಿ ಬೇರೆ ಬಗೆಯ ಹಿಮೊಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ ಅದನ್ನು ನಿಲ್ಲಿಸುವುದರಲ್ಲಿ ‘ಬಿಸಿಎಲ್11ಎ’ ಎಂಬ ಜೀನಿನದು ದೊಡ್ಡ ಪಾತ್ರ. ಸಿಕಲ್ ಸೆಲ್ ಕಾಯಿಲೆ (ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ವಂಶಪಾರಂಪರ್ಯ ಕಾಯಿಲೆ) ಇರುವವರಲ್ಲಿ ಆ ಹಳೆಯ ಹಿಮೊಗ್ಲೋಬಿನ್ ಮತ್ತೆ ಹೊರಬಂದರೆ ಕಾಯಿಲೆ ತಗ್ಗುತ್ತದೆ. ಆದರೆ ಆ ಜೀನನ್ನೇ ಕೆಡಿಸುವಂತಿಲ್ಲ, ಬೇರೆ ಕೋಶಗಳಿಗೂ ಅದು ಬೇಕು. ಅದರ ಒಳಗೇ ಒಂದು ಕೋಡ್ ಮಾಡದ ಸ್ವಿಚ್ ಇದೆ, ಕೆಂಪು ರಕ್ತಕಣ ತಯಾರಾಗುವ ಕಡೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿಸುವ ತಂತ್ರದಿಂದ ಅದೊಂದನ್ನೇ ಕತ್ತರಿಸುವ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲೂ ಡಿಸೆಂಬರಿನಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿತು. ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವ ಶಕ್ತಿ, ಹೆಣ್ಣಿನ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದನ್ನು ಮಲಗಿಸುವ ‘ಕ್ಸಿಸ್ಟ್’ ಎಂಬ ಆರ್‌ಎನ್‌ಎ, ಇವೂ ಇದೇ ಸಾಲಿನವು. ಸಕ್ಕರೆ ಕಾಯಿಲೆ, ಹೃದ್ರೋಗದಂಥವುಗಳ ಜೊತೆ ತಳಕು ಹಾಕಿಕೊಂಡ ಡಿಎನ್‌ಎ ವ್ಯತ್ಯಾಸಗಳಲ್ಲಿ ಹೆಚ್ಚಿನವು ಕೋಡ್ ಮಾಡದ ಭಾಗದಲ್ಲೇ ಇವೆ.

ಹಾಗಾದರೆ ಒಟ್ಟು ಎಷ್ಟು? ನಾನು ಹೆಚ್ಚು ನಂಬುವ ಅಳತೆ ವಿಕಾಸದ್ದು. ಬೇರೆ ಬೇರೆ ಪ್ರಾಣಿಗಳ ಡಿಎನ್‌ಎಯನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಬೇಡದ ಜಾಗ ಕೋಟ್ಯಂತರ ವರ್ಷಗಳಲ್ಲಿ ಮನಬಂದಂತೆ ಬದಲಾಗಿರುತ್ತದೆ. ಬೇಕಾದ ಜಾಗ ಹೆಚ್ಚು ಬದಲಾಗಿರುವುದಿಲ್ಲ, ಬದಲಾದವರು ಉಳಿಯಲಿಲ್ಲ. 2014ರಲ್ಲಿ ಆಕ್ಸ್‌ಫರ್ಡಿನ ತಂಡ ಹೀಗೆ ಲೆಕ್ಕ ಹಾಕಿ ಶೇ. 8.2 ಎಂದಿತು. 2023ರಲ್ಲಿ 240 ಸಸ್ತನಿಗಳನ್ನು ಹೋಲಿಸಿದ ಝೂನೋಮಿಯಾ ಯೋಜನೆ ಕನಿಷ್ಠ ಶೇ. 10.7 ಎಂದಿತು. ಮನುಷ್ಯರಲ್ಲಿ ಮಾತ್ರ ಇತ್ತೀಚೆಗೆ ಹುಟ್ಟಿದ ಕೆಲಸಗಳು ಈ ಅಳತೆಗೆ ಪೂರ್ತಿ ಸಿಗುವುದಿಲ್ಲ. ಅಕ್ಷರ ಯಾವುದಾದರೂ ಸರಿ, ಉದ್ದ ಇದ್ದರೆ ಸಾಕು ಅನ್ನುವ ಜಾಗಗಳೂ ತಪ್ಪಿಹೋಗಬಹುದು. ಅದನ್ನೆಲ್ಲ ಸೇರಿಸಿದರೂ ಶೇ. 15ರ ಆಚೆ ಹೋಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಅದರಲ್ಲಿ ಪ್ರೋಟೀನ್ ಕೋಡ್ ಮಾಡುವುದು ಇಡೀ ಜೀನೋಮಿನ ಶೇ. ಒಂದೂವರೆಯೊಳಗೆ ಅಷ್ಟೇ ಎಂಬುದನ್ನು ಗಮನಿಸಿ. ಕೆಲಸಕ್ಕೆ ಬರುವ ಡಿಎನ್‌ಎಯಲ್ಲೇ ಬಹುಪಾಲು ಕೋಡ್ ಮಾಡದ್ದು!

ಇನ್ನು ಆ ಹುಡುಗಿಯ ಪ್ರಶ್ನೆ. ಅವಳು ಕೇಳಿದ್ದನ್ನೇ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಇಲಿಗಳಲ್ಲಿ ಮಾಡಿ ನೋಡಿದ್ದಾರೆ. ಜೀನ್‌ಗಳೇ ಇಲ್ಲದ ಎರಡು ‘ಮರುಭೂಮಿ’ ಭಾಗಗಳನ್ನು, ಒಂದರಲ್ಲಿ 15 ಲಕ್ಷ, ಇನ್ನೊಂದರಲ್ಲಿ 8 ಲಕ್ಷಕ್ಕೂ ಹೆಚ್ಚು ಅಕ್ಷರಗಳನ್ನು ಕತ್ತರಿಸಿ ತೆಗೆದರು. ಇಲಿಗಳು ಹುಟ್ಟಿದವು, ಬೆಳೆದವು, ಮರಿ ಹಾಕಿದವು. ಬೇರೆ ಇಲಿಗಳಿಗಿಂತ ಅವು ಭಿನ್ನ ಎಂದು ಹೇಳಲು ಏನೂ ಸಿಗಲಿಲ್ಲ. ಈ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಅವಳಿಗೆ ಇದನ್ನು ಹೇಳಿ, ಆದರೆ ಇಷ್ಟಕ್ಕೇ ನಿಲ್ಲಿಸಬೇಡಿ. ಮನುಷ್ಯ, ಇಲಿ, ಹೆಗ್ಗಣ ಮೂರರಲ್ಲೂ ಒಂದಕ್ಷರವೂ ಬದಲಾಗದೆ ಉಳಿದ ಕೆಲವು ಕೋಡ್ ಮಾಡದ ತುಂಡುಗಳಿವೆ. 2007ರಲ್ಲಿ ಅಂಥ ನಾಲ್ಕನ್ನು ಒಂದೊಂದಾಗಿ ತೆಗೆದು ನೋಡಿದರು. ಆಗಲೂ ಇಲಿಗಳು ಆರೋಗ್ಯವಾಗಿಯೇ ಇದ್ದವು, ಎಲ್ಲರಿಗೂ ಅಚ್ಚರಿ. 2018ರಲ್ಲಿ ಅದೇ ಬಗೆಯ ಬೇರೆ ತುಂಡುಗಳನ್ನು ತೆಗೆದು ಇನ್ನೂ ಹತ್ತಿರದಿಂದ ನೋಡಿದರು. ಆ ಇಲಿಗಳೂ ಬದುಕಿದವು, ಮರಿ ಹಾಕಿದವು. ಮಿದುಳನ್ನು ತೆಗೆದು ಪರೀಕ್ಷಿಸಿದಾಗ ಮಾತ್ರ ಅದರ ರಚನೆಯಲ್ಲಿ ದೋಷಗಳು ಕಂಡವು. ಪಂಜರದಲ್ಲಿ, ಹೊತ್ತಿಗೆ ಸರಿಯಾಗಿ ಆಹಾರ ಸಿಗುವ ಇಲಿಯಲ್ಲಿ ಅದು ಹೊರಗೆ ಕಂಡಿರಲಿಲ್ಲ. ಯಾವ ತುಂಡು ತೆಗೆದರು, ಆಮೇಲೆ ಎಷ್ಟು ಹತ್ತಿರದಿಂದ ನೋಡಿದರು ಎಂದು ಅವಳು ಮರುಪ್ರಶ್ನೆ ಕೇಳಿದರೆ ನನಗೆ ಬರೆದು ತಿಳಿಸಿ. ಅವಳ ಜೊತೆ ಮಾತು ಮುಂದುವರಿಸಲು ನನಗೆ ಖುಷಿ.